ನೀರು ತುಂಬಿದ ತಳವೋ, ಮರಳು ತುಂಬಿದ ತಳವೋ: ಕಾರವಾರ, ಶಿರಸಿಗಳಲ್ಲಿ ಬಳಸಿ ನೋಡಿದ ಪಂಚಿಂಗ್ ಬ್ಯಾಗ್‌ಗಳು

ಹಂಚಿನ ಮಾಡಿನ ಮನೆಯಲ್ಲಿ ಪಂಚಿಂಗ್ ಬ್ಯಾಗನ್ನು ತೂಗುಹಾಕಬಹುದೇ ಎಂಬ ಪ್ರಶ್ನೆಗೆ ಉತ್ತರ ನನಗೆ ಶಿರಸಿಯ ಬಳಿಯ ನಮ್ಮ ಮೂಲಮನೆಯ ಜಗುಲಿಯಲ್ಲೇ ಸಿಕ್ಕಿತು. ಮೂವತ್ತು ಕಿಲೋ ತೂಕದ ಚೀಲವನ್ನು ನಡುವಿನ ತೊಲೆಗೆ ಸರಪಳಿ ಹಾಕಿ ಕಟ್ಟಿ, ಕರಾಟೆಯ ನಾಲ್ಕು ಮವಾಶಿ ಗೆರಿ (ಪಕ್ಕದಿಂದ ಸುತ್ತಿ ಬರುವ ಒದೆ) ಒದೆದದ್ದೇ ತಡ, ಸಂದಿಗಳಿಂದ ಹೊಗೆಮಸಿಯೂ ಜೇಡರ ಬಲೆಯೂ ಉದುರಿದವು. ಹಂಚೊಂದು ಸರಿದು ಬಿಸಿಲುಕೋಲು ನೇರವಾಗಿ ನೆಲಕ್ಕಿಳಿಯಿತು. "ಮಾಡು ಬೀಳಿಸ್ತ್ಯನಾ ಮಾಣಿ?" ಎಂದು ಆಯಿ ಒಳಗಿನಿಂದಲೇ ಕೇಳಿದಳು. ಮೂವತ್ತು ಕಿಲೋ ಭಾರವನ್ನು ಆ ತೊಲೆ ಸಲೀಸಾಗಿ ಹೊರುತ್ತದೆ. ಆದರೆ ಒದೆ ಬಿದ್ದಾಗಲೆಲ್ಲ ಚೀಲವು ತೊಲೆಯನ್ನು ಅಡ್ಡಕ್ಕೆ ಜಗ್ಗುತ್ತದೆ, ಆ ಜಗ್ಗಾಟವನ್ನು ತಾಳುವ ಶಕ್ತಿ ಹಂಚಿನ ಮಾಡಿಗಿಲ್ಲ. ಇತ್ತ ಕೆಲಸದ ನಿಮಿತ್ತ ನಾನಿರುವ ಕಾರವಾರದ ಕೋಡಿಬಾಗದ ಬಾಡಿಗೆ ಮನೆಯಲ್ಲಿ ಸ್ಲ್ಯಾಬಿಗೆ ತೂತು ಕೊರೆಯಲು ಮಾಲೀಕರ ಒಪ್ಪಿಗೆಯಿಲ್ಲ. ಹೀಗಾಗಿ ಎರಡೂ ಕಡೆ ನೆಲದ ಮೇಲೆ ತಾನಾಗಿ ನಿಲ್ಲುವ ಬ್ಯಾಗ್‌ಗಳ ಮೊರೆಹೋಗಬೇಕಾಯಿತು.

ಎರಡು ವರ್ಷಗಳಲ್ಲಿ ನಾಲ್ಕು ಬಗೆಯವನ್ನು ಬಳಸಿ ನೋಡಿದ್ದೇನೆ. ಮೊದಲನೆಯದು ದೊಡ್ಡ ಪ್ಲಾಸ್ಟಿಕ್ ತಳವಿರುವ ಎತ್ತರದ ಫೋಮ್ ಬ್ಯಾಗ್. ಇದನ್ನು ಕಾರವಾರದಲ್ಲಿ ನೀರು ತುಂಬಿ ನಿಲ್ಲಿಸಿದೆ. ಎರಡನೆಯದು ಅದೇ ಮಾದರಿಯ ಇನ್ನೊಂದು. ಇದಕ್ಕೆ ಶಿರಸಿಯಲ್ಲಿ ಮರಳು ತುಂಬಿಸಿದೆ. ಮೂರನೆಯದು ತಳದಲ್ಲಿ ರಬ್ಬರಿನ ಬಟ್ಟಲುಗಳಿದ್ದು ನೆಲವನ್ನು ಹೀರಿ ಹಿಡಿಯುವ, ಸ್ಪ್ರಿಂಗ್ ಇರುವ ಮಧ್ಯಮ ಗಾತ್ರದ ಬ್ಯಾಗ್. ನಾಲ್ಕನೆಯದು ಕಂಬದ ತುದಿಯಲ್ಲಿ ಚೆಂಡಿರುವ, ಹೊಡೆದರೆ ಬಾಗಿ ಮರಳಿ ಮುಖಕ್ಕೇ ಬರುವ ರಿಫ್ಲೆಕ್ಸ್ ಬ್ಯಾಗ್.

ಕೊಳ್ಳುವವರು ಸಾಮಾನ್ಯವಾಗಿ ಮೇಲಿನ ಫೋಮ್ ಎಷ್ಟು ದಪ್ಪ, ಹೊದಿಕೆ ಚರ್ಮದ್ದೋ ರೆಕ್ಸಿನ್ನಿನದೋ ಎಂದು ವಿಚಾರಿಸುತ್ತಾರೆ. ನಾನೂ ಅದನ್ನೇ ವಿಚಾರಿಸಿ ಮೊದಲನೆಯದನ್ನು ಕೊಂಡೆ. ಬಳಸುತ್ತ ಹೋದಂತೆ, ಬ್ಯಾಗಿನ ಗುಣವನ್ನು ನಿರ್ಧರಿಸುವುದು ತಳದಲ್ಲಿ ಏನು ತುಂಬಿದ್ದೇವೆ, ಆ ತಳ ಎಂಥ ನೆಲದ ಮೇಲೆ ಕೂತಿದೆ ಎಂಬುದು ಗೊತ್ತಾಯಿತು. ನನ್ನ ಬ್ಯಾಗಿನ ತಳದ ತ್ರಿಜ್ಯ ಸುಮಾರು 28 ಸೆಂಟಿಮೀಟರ್. ನೆಲದಿಂದ 130 ಸೆಂಟಿಮೀಟರ್ ಎತ್ತರದಲ್ಲಿ, ಅಂದರೆ ಎದೆಯ ಮಟ್ಟದಲ್ಲಿ, ಒಟ್ಟು ತೂಕದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಬಲದಿಂದ ಒಂದೇ ಸಮನೆ ತಳ್ಳಿದರೆ ಸಾಕು, ತಳದ ಅಂಚು ಮೇಲೇಳುತ್ತದೆ. ಗುದ್ದು ಕ್ಷಣಮಾತ್ರದ್ದಾದ್ದರಿಂದ ಬ್ಯಾಗ್ ವಾಲಿ ಮತ್ತೆ ಕೂರುತ್ತದೆ. ಅದೇ 50 ಸೆಂಟಿಮೀಟರ್ ಎತ್ತರಕ್ಕೆ ಒದೆದಾಗ ಉರುಳಿಸಲು ತೂಕದ ಅರ್ಧಕ್ಕಿಂತ ಹೆಚ್ಚು ಬಲ ಬೇಕು. ಅಷ್ಟರೊಳಗೆ ನುಣುಪು ನೆಲದ ಹಿಡಿತವೇ ಸೋತು ಬ್ಯಾಗ್ ಜಾರಿಹೋಗುತ್ತದೆ. ಮೇಲಿನ ಗುದ್ದಿಗೆ ವಾಲುವುದು, ಕೆಳಗಿನ ಒದೆಗೆ ಜಾರುವುದು ಎಂಬ ಈ ಎರಡು ಕಾಯಿಲೆಗಳಿಗೆ ಮದ್ದೂ ಬೇರೆಬೇರೆ. ವಾಲುವುದಕ್ಕೆ ತೂಕ ಬೇಕು. ಜಾರುವುದಕ್ಕೆ ತೂಕದ ಜೊತೆಗೆ ಒರಟಾದ ಹಾಸೂ ಬೇಕು.

ತಳದೊಳಗೆ ಸುಮಾರು 60 ಲೀಟರ್ ಜಾಗವಿದೆ. ನೀರು ತುಂಬಿದರೆ ಅದು 60 ಕಿಲೋ. ಒಣಮರಳಿನ ಸಾಂದ್ರತೆ ನೀರಿನ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾದ್ದರಿಂದ ಅದೇ ಜಾಗದಲ್ಲಿ ಸುಮಾರು 95 ಕಿಲೋ ಕೂರುತ್ತದೆ. ಮರಳಿನ ಸಂದುಗಳಿಗೆ ನೀರನ್ನೂ ಇಳಿಸಿದರೆ 115 ಕಿಲೋ ದಾಟುತ್ತದೆ. ಶಿರಸಿಯ ಬ್ಯಾಗಿಗೆ ಒಣಮರಳನ್ನು ಮಾತ್ರ ತುಂಬಿದ್ದೇನೆ, ಆದರೂ ಎರಡರ ನಡುವಿನ ಅಂತರ ಮೊದಲ ಗ್ಯಾಕು ಝುಕಿಯಲ್ಲೇ (ಹಿಂದಿನ ಕೈಯ ನೇರ ಗುದ್ದು) ಮುಷ್ಟಿಗೆ ತಿಳಿಯುತ್ತದೆ. ನೀರಿನದು ಹೊಡೆತವನ್ನು ಸ್ವೀಕರಿಸಿ ಹಿಂದೆ ಸರಿದು, ತೂಗಿ ಬರುತ್ತದೆ. ಮರಳಿನದು ಗೋಣಿಮೂಟೆಯಂತೆ ನಿಂತಲ್ಲೇ ನಿಂತು ಗುದ್ದನ್ನು ನುಂಗುತ್ತದೆ. ಅಳೆದು ನೋಡಬೇಕೆನಿಸಿ ತಳದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಮೂರು ನಿಮಿಷ ಬಿಡುವಿಲ್ಲದೆ ಮಾಯೆ ಗೆರಿ (ಎದುರಿಗೆ ನೇರ ಒದೆ) ಒದೆದೆ. ಕಾರವಾರದ ನುಣುಪು ಟೈಲ್ಸ್ ಮೇಲೆ ನೀರಿನ ಬ್ಯಾಗ್ ಒಂದೂವರೆ ಗೇಣು ಹಿಂದೆ ಹೋಗಿತ್ತು. ಕೆಳಗೆ ಎರಡು ಸೆಂಟಿಮೀಟರ್ ದಪ್ಪದ ರಬ್ಬರ್ ಹಾಸನ್ನು ಹಾಕಿ ಮತ್ತೆ ಒದೆದಾಗ ನಾಲ್ಕು ಬೆರಳು. ಶಿರಸಿಯ ರೆಡ್ ಆಕ್ಸೈಡ್ ನೆಲದ ಮೇಲೆ, ಅಂಥದೇ ಹಾಸಿನೊಂದಿಗೆ, ಮರಳಿನ ಬ್ಯಾಗ್ ಗೆರೆಯನ್ನು ದಾಟಲೇ ಇಲ್ಲ.

ಇಷ್ಟು ಓದಿದವರು ಮರಳೇ ಮೇಲು ಎಂದುಕೊಳ್ಳಬಹುದು. ತುಂಬಿಸುವ ಕೆಲಸ ನೋಡಿದರೆ ಹಾಗೆ ಹೇಳಲು ಮನಸ್ಸಾಗುವುದಿಲ್ಲ. ತಳದ ಬಾಯಿ ಎರಡು ಇಂಚು. ಕಟ್ಟಡ ಸಾಮಗ್ರಿಯ ಅಂಗಡಿಯಿಂದ ತಂದ ಮರಳನ್ನು ಅಂಗಳದಲ್ಲಿ ಎರಡು ದಿನ ಒಣಗಿಸಿ, ಜರಡಿ ಹಿಡಿದು, ಬಾಟಲಿ ಕತ್ತರಿಸಿ ಮಾಡಿದ ಲಾಳಿಕೆಯಲ್ಲಿ ಸುರಿಯುತ್ತ, ನಡುನಡುವೆ ಕೋಲಿನಿಂದ ಜಡಿಯುತ್ತ ಇಡೀ ಒಂದು ಮಧ್ಯಾಹ್ನ ಕಳೆಯಿತು. ವಾರದ ನಂತರ ಮರಳು ಕೂತು ಮೇಲೆ ನಾಲ್ಕು ಬೆರಳು ಖಾಲಿಯಾದ್ದರಿಂದ ಮತ್ತೆ ತುಂಬಬೇಕಾಯಿತು. ಕಾರವಾರದವರಿಗೆ ಕಡಲ ದಂಡೆ ಕೂಗಳತೆಯಲ್ಲೇ ಇದ್ದರೂ ಅಲ್ಲಿನ ಮರಳನ್ನು ಇದಕ್ಕೆ ತರಬಾರದು. ಕರಾವಳಿ ನಿಯಂತ್ರಣ ವಲಯದ ನಿಯಮಗಳ ನಿರ್ಬಂಧ ಒಂದು ಕಡೆ. ಅದರ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಬೋಲ್ಟುಗಳಿಗೆ ತುಕ್ಕು ಹಿಡಿಸುವುದು ಇನ್ನೊಂದು ಕಡೆ. ಒಮ್ಮೆ ಮರಳು ತುಂಬಿದ ಬ್ಯಾಗನ್ನು ಸರಿಸುವುದು ಒಬ್ಬರಿಂದಾಗದ ಮಾತು. ನೀರಿನದನ್ನಾದರೆ ಒಂದು ಬದಿಗೆ ವಾಲಿಸಿ, ತಳದ ದುಂಡನೆಯ ಅಂಚಿನ ಮೇಲೆ ಉರುಳಿಸುತ್ತ ಇನ್ನೊಂದು ಕೋಣೆಗೆ ಒಯ್ಯಬಹುದು. ಮನೆ ಬದಲಿಸುವಾಗ ಟ್ಯೂಬ್ ಇಳಿಬಿಟ್ಟು ಖಾಲಿ ಮಾಡಬಹುದು.

ನೀರಿನ ತಳಕ್ಕೂ ಅದರದೇ ತಂಟೆಗಳಿವೆ. ನನ್ನ ಬ್ಯಾಗಿನ ಮುಚ್ಚಳದ ವಾಷರ್ ಬರುವಾಗಲೇ ಹರಿದಿತ್ತು, ನಾನು ಗಮನಿಸಿರಲಿಲ್ಲ. ಮೊದಲ ರಾತ್ರಿಯೇ ನೀರು ಸೋರಿ ಬಾಲ್ಕನಿಯ ಅಂಚಿನಿಂದ ಕೆಳಮನೆಯವರು ಒಣಹಾಕಿದ್ದ ಬಟ್ಟೆಯ ಮೇಲೆ ಬಿತ್ತು. ಹಳೆಯ ಸೈಕಲ್ ಟ್ಯೂಬಿನಿಂದ ವಾಷರ್ ಕತ್ತರಿಸಿ, ಮುಚ್ಚಳದ ತಿರುಪಿನ ಮರೆಗಳಿಗೆ ಟೆಫ್ಲಾನ್ ಟೇಪ್ ಸುತ್ತಿದ ಮೇಲೆ ಇಂದಿನವರೆಗೆ ಒಂದು ಹನಿಯೂ ಇಳಿದಿಲ್ಲ. ಯಾರೇ ಆಗಲಿ, ತುಂಬಿದ ತಳವನ್ನು ಒಂದು ಇಡೀ ದಿನ ಹಳೆಯ ಪೇಪರಿನ ಮೇಲೆ ನಿಲ್ಲಿಸಿ ಒದ್ದೆಯ ಗುರುತು ಬೀಳದಿದ್ದರೆ ಮಾತ್ರ ಮೇಲಿನ ಭಾಗವನ್ನು ಜೋಡಿಸಬೇಕು. ನೀರನ್ನು ಕಂಠಮಟ್ಟ ತುಂಬಬೇಕು; ಮುಕ್ಕಾಲು ತುಂಬಿ ಬಿಟ್ಟರೆ ಒಳಗೆ ಗುಳುಗುಳು ತುಳುಕಿ, ಮುಂದಿನ ಗುದ್ದಿನ ಹೊತ್ತಿಗೆ ಬ್ಯಾಗ್ ಎಲ್ಲಿರುತ್ತದೆಂದು ಹೇಳಲಾಗುವುದಿಲ್ಲ. ಪಾಚಿ ಕಟ್ಟದಂತೆ ಒಂದು ಚಿಟಿಕೆ ಬ್ಲೀಚಿಂಗ್ ಪೌಡರ್ ಸಾಕು. ಮುಚ್ಚಳ ಬಿಗಿಯಾಗಿದ್ದರೆ ಸೊಳ್ಳೆಯ ಭಯವಿಲ್ಲ.

ಮಹಡಿಯ ಮನೆಯವರು ಭಾರದ ಬಗ್ಗೆ ಕೇಳುತ್ತಾರೆ. ವಾಸದ ಮನೆಗಳ ಸ್ಲ್ಯಾಬನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ಲೆಕ್ಕಹಾಕುವುದು ರೂಢಿ. ನೀರು ತುಂಬಿದ ಬ್ಯಾಗಿನ ಒಟ್ಟು ತೂಕ ಸುಮಾರು 80 ಕಿಲೋ, ದಪ್ಪ ಮೈಯ ಒಬ್ಬ ಅತಿಥಿ ನಿಂತಷ್ಟು. ನಿಜವಾದ ತಕರಾರು ಬರುವುದು ಸದ್ದಿನಿಂದ. ವಾಲಿದ ತಳ ಮರಳಿ ಕೂರುವಾಗಿನ "ಧಬ್" ಸದ್ದು ಸ್ಲ್ಯಾಬಿನ ಮೂಲಕ ಕೆಳಗಿಳಿಯುತ್ತದೆ, ಅದೂ ಊಟದ ನಂತರ ಊರೇ ಮಲಗುವ ಹೊತ್ತಿನಲ್ಲಿ. ರಬ್ಬರ್ ಹಾಸಿನ ಕೆಳಗೆ ಒಂದು ಪ್ಲೈವುಡ್ ಹಲಗೆ, ಅದರ ಕೆಳಗೆ ಮಡಿಸಿದ ಹಳೆಯ ಕಂಬಳಿ ಹಾಕಿದ ಮೇಲೆ ಕೆಳಮನೆಯ ಅಕ್ಕೋರು ಮೆಟ್ಟಿಲಲ್ಲಿ ಸಿಕ್ಕಾಗ ನಗುವಷ್ಟು ಸುಧಾರಿಸಿದೆ.

ರಬ್ಬರ್ ಬಟ್ಟಲುಗಳ ಬ್ಯಾಗನ್ನು ಹನ್ನೊಂದು ವರ್ಷದ ಅಕ್ಕನ ಮಗನಿಗಾಗಿ ತರಿಸಿದ್ದೆ. ಕಾರವಾರದ ಟೈಲ್ಸ್ ಮೇಲೆ, ನೆಲವನ್ನು ಒರೆಸಿ ತುಸು ತೇವವಿರುವಾಗಲೇ ಒತ್ತಿ ಕೂರಿಸಿದರೆ ಅದು ಹುಡುಗನ ಹೊಡೆತಕ್ಕೆ ಅಲುಗಾಡುವುದಿಲ್ಲ. ಶಿರಸಿಯ ಹಳೆಯ ನೆಲದಲ್ಲಿ ಕೂದಲೆಳೆಯ ಬಿರುಕುಗಳಿರುವುದರಿಂದ ಹತ್ತು ನಿಮಿಷದಲ್ಲಿ ಗಾಳಿ ಹೊಕ್ಕು ಬಟ್ಟಲುಗಳು ಒಂದೊಂದಾಗಿ ಪಟಪಟನೆ ಬಿಟ್ಟುಕೊಂಡವು. ಕಡಪ ಕಲ್ಲಿನ ಒರಟು ನೆಲವಿದ್ದರೂ ಇದೇ ಗತಿ. ದೊಡ್ಡವರ ಪೂರ್ಣ ಬಲದ ಮವಾಶಿ ಗೆರಿಗೆ ಇದು ಎಲ್ಲಿಯೂ ತಕ್ಕದ್ದಲ್ಲ. ರಿಫ್ಲೆಕ್ಸ್ ಬ್ಯಾಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ಅಂತರ, ವೇಳೆ, ತಲೆ ತಪ್ಪಿಸುವುದು ಇವನ್ನು ಕಲಿಸುತ್ತದೆ, ಬಲವನ್ನು ಬೆಳೆಸುವುದಿಲ್ಲ, ಒದೆಯಲಂತೂ ಬರುವುದಿಲ್ಲ. ಅದರ ಸ್ಪ್ರಿಂಗ್‌ಗೆ ಗ್ರೀಸ್ ಸವರದೆ ಬಿಟ್ಟಿದ್ದರಿಂದ ಕಡಲ ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕಿರುಗುಟ್ಟತೊಡಗಿತು.

ದೊಡ್ಡ ಬ್ಯಾಗ್ ಕೊಳ್ಳುವವರು ಫೋಮ್ ಎಲ್ಲಿ ಮುಗಿಯುತ್ತದೆ ಎಂಬುದನ್ನು ನೋಡಲೇಬೇಕು. ಫೋಮಿಗೂ ತಳಕ್ಕೂ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಕುತ್ತಿಗೆ ಇರುತ್ತದೆ. ಎತ್ತರವನ್ನು ಹೆಚ್ಚಿಸಿಕೊಂಡಷ್ಟೂ ಆ ಕುತ್ತಿಗೆ ಹೊರಬರುತ್ತದೆ, ತೊಡೆ ಮಟ್ಟಕ್ಕಿಂತ ಕೆಳಗೆ ಒದೆಯುವವರ ಮೊಣಕಾಲಿನ ಕೆಳಗಿನ ಎಲುಬು ನೇರವಾಗಿ ಅದಕ್ಕೇ ತಾಗುತ್ತದೆ. ಒಮ್ಮೆ ತಾಗಿಸಿಕೊಂಡು ಮೂರು ದಿನ ಕುಂಟಿದ ನಾನು ಈಗ ಬ್ಯಾಗನ್ನು ಅತಿ ಕೆಳಗಿನ ಮಟ್ಟದಲ್ಲೇ ಇಟ್ಟಿದ್ದೇನೆ. ನಿಲ್ಲಿಸುವ ಜಾಗಕ್ಕೆ ಸುತ್ತಲೂ ಒಂದೂವರೆ ಮೀಟರ್ ಬಯಲಿರಬೇಕು. ಗೋಡೆಗೆ ಹತ್ತಿರವಿದ್ದರೆ ವಾಲಿದ ಬ್ಯಾಗ್ ಗೋಡೆಗೆ ಬಡಿದು ಅಷ್ಟೇ ವೇಗದಲ್ಲಿ ವಾಪಸಾಗುತ್ತದೆ. ಒಂದೇ ಬದಿಗೆ ಹೊಡೆದು ಫೋಮ್ ತಗ್ಗಾಗದಂತೆ ತಿಂಗಳಿಗೊಮ್ಮೆ ಕಾಲು ಸುತ್ತು ತಿರುಗಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊದಿಕೆಯ ಹೊಲಿಗೆಗಳಲ್ಲಿ ಬೂಷ್ಟು ಕಾಣಿಸಿಕೊಳ್ಳುವುದರಿಂದ, ಅಭ್ಯಾಸ ಮುಗಿದೊಡನೆ ಬೆವರನ್ನು ಒರೆಸಿ ಅರ್ಧ ಗಂಟೆ ಫ್ಯಾನಿನ ಕೆಳಗೆ ಬಿಡುವುದು ಎರಡೂ ಊರುಗಳಲ್ಲಿ ಕಡ್ಡಾಯ.

ಬಾಡಿಗೆ ಮನೆಗೆ, ಮಹಡಿಗೆ, ಗುದ್ದೂ ಒದೆಯೂ ಸಮವಾಗಿರುವ ಅಭ್ಯಾಸಕ್ಕೆ ನಾನು ನೀರಿನ ತಳವನ್ನೇ ಹೇಳುತ್ತೇನೆ, ಹಾಸಿನ ಖರ್ಚನ್ನು ಮೊದಲೇ ಸೇರಿಸಿಕೊಂಡು. ಸ್ವಂತ ಮನೆ, ನೆಲಮಟ್ಟದ ಜಗುಲಿ, ಜೋರಾಗಿ ಒದೆಯುವ ಕಾಲು ಇದ್ದವರಿಗೆ ಮರಳು. ಜಾಗವನ್ನು ಮಾತ್ರ ನಾಲ್ಕು ಸಲ ಯೋಚಿಸಿ ಆರಿಸಬೇಕು. ನಾನು ಒಂದೇ ಸಲ ಯೋಚಿಸಿದ್ದೆ. ಜಗುಲಿಯ ಬಾಗಿಲಿಗೆ ಎದುರಾಗಿಯೇ ನಿಂತಿರುವ ಆ ಬ್ಯಾಗನ್ನು ಯಾರೂ ಕದಲಿಸಿಲ್ಲ. ಸುಗ್ಗಿಯಲ್ಲಿ ಚಾಲಿ ಅಡಿಕೆಯ ಮೂಟೆಗಳನ್ನು ಆಯಿ ಅದರ ಸುತ್ತಲೇ ಜೋಡಿಸಿಡುತ್ತಾಳೆ.