ಸೊಂಟ ಯಾವುದಕ್ಕೆ ನಿಂತಿತು: ಹಳೇ ಪ್ಲಾಸ್ಟಿಕ್ ಸಿಪಾಯಿಗಳನ್ನು ಮೈಸೂರು ಲ್ಯಾನ್ಸರ್‌ಗಳಾಗಿಸಿದ ಕಥೆ

ಹೋದ ವರ್ಷ ಅಟ್ಟದ ಮೇಲಿನ ಟ್ರಂಕಿನಲ್ಲಿ 43 ಪ್ಲಾಸ್ಟಿಕ್ ಸಿಪಾಯಿಗಳು ಸಿಕ್ಕವು. 70ರ ದಶಕದಲ್ಲಿ ಚಿಕ್ಕಪ್ಪ ಇಂಗ್ಲೆಂಡಿನಿಂದ ಬರುವಾಗ ತಂದದ್ದು. ಅರ್ಧದಷ್ಟು ಏರ್‌ಫಿಕ್ಸ್ ಕಂಪನಿಯ 1/32 ಅಳತೆಯ (ನಿಜವಾದ ಮನುಷ್ಯನ ಮೂವತ್ತೆರಡರಲ್ಲಿ ಒಂದು ಪಾಲು) ಎಂಟನೇ ಸೇನೆ, ಅಂದರೆ ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದ ಮರಳಿನಲ್ಲಿ ಹೊಡೆದಾಡಿದ ಬ್ರಿಟಿಷ್ ದಂಡು. ಉಳಿದರ್ಧ ಕೌಬಾಯ್‌ಗಳು, ಕೆಲವರು ಕುದುರೆ ಸಮೇತ. ಅವರ ಅಡಿಯಲ್ಲಿ ಹಾಂಗ್‌ಕಾಂಗ್ ಎಂಬ ಅಚ್ಚು ಬಿಟ್ಟರೆ ಬೇರೆ ಹೆಸರಿಲ್ಲ. ಮುಖ ಅಂದರೆ ಮೂಗಿನ ಜಾಗದಲ್ಲಿ ಒಂದು ಗುಬುಟು, ಅಷ್ಟೇ.

ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ. ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಜಂಬೂಸವಾರಿ ಸಾಲು: ಚನ್ನಪಟ್ಟಣದ ಆನೆಗಳು, ವಾದ್ಯದವರು, ಛತ್ರಿ ಚಾಮರ ಹಿಡಿದವರು. ಅಶ್ವದಳ ಮಾತ್ರ ಇರಲಿಲ್ಲ. ಕೌಬಾಯ್‌ನ ಕಾಲು, ಎಂಟನೇ ಸೇನೆಯವನ ಖಾಕಿ ಅಂಗಿಯ ಎದೆ, ತಲೆಗೆ ರುಮಾಲು, ಕೈಗೆ ಈಟಿ ಕೊಟ್ಟರೆ ಮೈಸೂರು ಲ್ಯಾನ್ಸರ್, ಅಂದರೆ ಮೈಸೂರು ಸಂಸ್ಥಾನದ ಈಟಿ ಹಿಡಿದ ಸವಾರ, ಆಗುತ್ತಾನಲ್ಲ ಅನ್ನಿಸಿತು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾದಲ್ಲಿ ಜೋಧಪುರದವರ ಜೊತೆ ಸೇರಿ, ಮೆಷಿನ್‌ಗನ್ನಿಗೆ ಎದುರಾಗಿ ಕುದುರೆ ಓಡಿಸಿದ ದಳ ಅದು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಕಂಚಿನ ಸವಾರರಲ್ಲಿ ಒಬ್ಬ ಮೈಸೂರಿನವನು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಅವರ ಸ್ಮಾರಕ ಇದೆ.

"ಐವತ್ತು ತುಂಬಿತು, ಇನ್ನೂ ಸಿಪಾಯಿ ಆಟ ಬಿಟ್ಟಿಲ್ಲವಲ್ಲೋ" ಅಂದರು ಅಮ್ಮ. "ಆಟ ಅಲ್ಲಮ್ಮ, ಗೊಂಬೆಗೆ" ಅಂದೆ. "ಹಾಗಾದರೆ ಮಹಾಲಯ ಅಮಾವಾಸ್ಯೆಯೊಳಗೆ ಮುಗಿಸು" ಎಂದು ಗಡುವು ಕೊಟ್ಟರು.

ಬ್ಲೇಡು ಹಿಡಿಯುವ ಮೊದಲು ಒಂದು ಬಕೆಟ್ ನೀರು ಬೇಕು. ಆ 70ರ ದಶಕದ ಮೆತ್ತನೆಯ ಸಿಪಾಯಿಗಳಲ್ಲಿ ಹೆಚ್ಚಿನವು ಪಾಲಿಥೀನ್. ಅದು ನೀರಿಗಿಂತ ಹಗುರ, ತೇಲುತ್ತದೆ. ಪಿವಿಸಿ ಮುಳುಗುತ್ತದೆ. ಮಾಡೆಲ್ ಕಿಟ್‌ಗಳಲ್ಲಿ ಬರುವ ಗಟ್ಟಿ ಪಾಲಿಸ್ಟೈರೀನ್ ಕೂಡ ಮುಳುಗುತ್ತದೆ, ಆದರೆ ಅದನ್ನು ಬೆರಳಲ್ಲಿ ಬಗ್ಗಿಸಿದರೇ ಗೊತ್ತಾಗುತ್ತದೆ. ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿ, ಅಂಟಿದ ಗಾಳಿಗುಳ್ಳೆ ಒರೆಸಿ ಬಿಟ್ಟೆ. 38 ತೇಲಿದವು, 5 ಮುಳುಗಿದವು. ಮುಳುಗಿದ ಐದೂ ಮೆತ್ತಗಿದ್ದ ಕೌಬಾಯ್‌ಗಳು. ಅವನ್ನು ಬೇರೆ ಡಬ್ಬಿಗೆ ಹಾಕಿದೆ. ಕಾರಣ ಸರಳ: ಮುಂದೆ ಬಿಸಿ ಕಬ್ಬಿಣದ ಕೆಲಸ ಬರುತ್ತದೆ. ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ, ಅದನ್ನು ಮೂಗಿಗೆ ಎಳೆದುಕೊಳ್ಳಬಾರದು.

ಎರಡನೇ ಪರೀಕ್ಷೆ, ಬಂದೂಕಿನ ನಳಿಗೆಯನ್ನು ಮೆಲ್ಲಗೆ ಬಗ್ಗಿಸಿ ನೋಡುವುದು. ಹಳೇ ಪ್ಲಾಸ್ಟಿಕ್ ಬಿಸಿಲಿಗೂ ವಯಸ್ಸಿಗೂ ಪೆಡಸಾಗಿರುತ್ತದೆ. ನಾಲ್ಕು ಹಪ್ಪಳದ ಹಾಗೆ ಮುರಿದವು. ಅಂಥವನ್ನು ಯಾವ ಅಂಟೂ ಉಳಿಸುವುದಿಲ್ಲ.

ಈಗ ಸೊಂಟದ ಪ್ರಶ್ನೆ. ಬೆಲ್ಟಿನ ಗೆರೆಯಲ್ಲಿ ಕತ್ತರಿಸಿ ಒಬ್ಬನ ಎದೆಯನ್ನು ಇನ್ನೊಬ್ಬನ ಕಾಲಿಗೆ ಕೂರಿಸಬೇಕು. ಪಾಲಿಥೀನಿಗೆ ಏನೂ ಅಂಟುವುದಿಲ್ಲ ಅನ್ನುವುದು ಇಲ್ಲಿನ ಮೂಲ ತಾಪತ್ರಯ. ಹಾಲಿನ ಪ್ಯಾಕೆಟ್ಟಿಗೆ ಅಂಟು ಹಚ್ಚಿ ನೋಡಿ, ಅದೇ ವಸ್ತು. ಇನ್ನೂ ತಮಾಷೆ ಏನೆಂದರೆ, ಸೂಪರ್ ಗ್ಲೂ ಬರುವ ಪುಟ್ಟ ಶೀಶೆ ಸಾಮಾನ್ಯವಾಗಿ ಪಾಲಿಥೀನಿನದೇ. ಅಂಟು ತನ್ನ ಮನೆಗೇ ಅಂಟಿಕೊಳ್ಳಬಾರದಲ್ಲ! ಕಿಟ್ ಅಂಟಿಸುವ ಸಿಮೆಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಇದನ್ನು ಅದು ಕರಗಿಸುವುದೇ ಇಲ್ಲ, ಮೇಲೆ ನೀರಿನ ಹಾಗೆ ನಿಂತು ಆರಿಹೋಗುತ್ತದೆ.

ಕೈ ಮುರಿದ, ಯಾವುದೋ ಮಗು ಟೋಪಿ ಕಚ್ಚಿ ಹಾಕಿದ 12 ಸಿಪಾಯಿಗಳನ್ನು ಬಲಿ ಕೊಟ್ಟೆ. ನಾಲ್ಕು ವಿಧಾನ, ಒಂದೊಂದಕ್ಕೆ ಮೂರು ಸೊಂಟ. ಒಂದು ದಿನ ಬಿಟ್ಟು ಊಟದ ಮೇಜಿನ ಎತ್ತರದಿಂದ ರೆಡ್ ಆಕ್ಸೈಡ್ ನೆಲಕ್ಕೆ ಐದೈದು ಸಲ ಬೀಳಿಸಿದೆ.

ಬರೀ ಸೂಪರ್ ಗ್ಲೂ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಕೈಯಲ್ಲಿ ಎತ್ತುವಾಗಲೇ ಬಿಟ್ಟಿತು, ಇನ್ನೆರಡು ಮೊದಲ ಎರಡು ಬೀಳಿನಲ್ಲಿ. ಬಿಟ್ಟ ಜಾಗ ನೋಡಿದರೆ ಅಂಟು ಹಾಲಿನ ಕೆನೆಯ ಹಾಗೆ ಪೂರ್ತಿ ಪದರವಾಗಿ ಎದ್ದು ಬಂದಿತ್ತು. ಕೆಳಗೆ ಪ್ಲಾಸ್ಟಿಕ್ ನುಣ್ಣಗೆ, ಏನೂ ಆಗಿಲ್ಲವೆಂಬಂತೆ.

ಎರಡನೆಯದು ಪಾಲಿಥೀನಿಗೆಂದೇ ಪ್ರೈಮರ್ ಪೆನ್ನು ಜೊತೆಗೆ ಬರುವ ಸೂಪರ್ ಗ್ಲೂ. ಮೊದಲು ಎರಡೂ ಮುಖಕ್ಕೆ ಪೆನ್ನು ಸವರಿ, ಒಂದು ನಿಮಿಷ ಬಿಟ್ಟು, ಆಮೇಲೆ ಅಂಟು. ಎರಡು ಐದೂ ಬೀಳನ್ನು ತಡೆದವು, ಒಂದು ನಾಲ್ಕನೆಯದರಲ್ಲಿ ಹೋಯಿತು. ಕೆಟ್ಟದ್ದೇನಲ್ಲ. ಆದರೆ ಎರಡು ಮುಖವೂ ಕನ್ನಡಿಯ ಹಾಗೆ ಒಂದಕ್ಕೊಂದು ಕೂರಬೇಕು. ಕೌಬಾಯ್‌ನ ಸೊಂಟಕ್ಕೂ ಬ್ರಿಟಿಷನ ಸೊಂಟಕ್ಕೂ ಸುತ್ತಳತೆಯಲ್ಲಿ ಸಾಕಷ್ಟು ವ್ಯತ್ಯಾಸ ಇತ್ತು. ನಡುವೆ ಸಂದು ಬಿದ್ದ ಕಡೆ ಈ ಅಂಟು ಕೈ ಕೊಡುತ್ತದೆ.

ಮೂರನೆಯದು ಬಿಸಿ ಬೆಸುಗೆ. ಸೋಲ್ಡರಿಂಗ್ ಐರನ್ನಿನ ತುದಿಗೆ ಹಳೇ ಬ್ಲೇಡಿನ ಚೂರು ಕಟ್ಟಿ, ಅದನ್ನು ಎರಡು ಸೊಂಟದ ನಡುವೆ ಹಿಡಿದು, ಎರಡೂ ಕಡೆ ಮಿರಮಿರ ಹೊಳೆಯಲು ಶುರುವಾದ ತಕ್ಷಣ ಬ್ಲೇಡು ಎಳೆದು ಒತ್ತಬೇಕು. ಕಿಟಕಿ ತೆಗೆದಿರಲಿ, ಮೇಣದಬತ್ತಿ ಆರಿಸಿದಾಗಿನ ವಾಸನೆ ಬರುತ್ತದೆ. ಗಟ್ಟಿತನಕ್ಕೆ ಇದಕ್ಕೆ ಸಾಟಿಯಿಲ್ಲ. ಮೂರೂ ನಿಂತವು, ಒಂದನ್ನು ಕಾಲಲ್ಲಿ ತುಳಿದು ನೋಡಿದೆ, ಆಗಲೂ ನಿಂತಿತು. ತೊಂದರೆ ಎರಡು. ಒಂದು, ಯೋಚಿಸಲು ಎರಡು ಸೆಕೆಂಡು ಸಿಗುವುದಿಲ್ಲ. ಒತ್ತಿದ ದಿಕ್ಕೇ ಕೊನೆ, ನನ್ನ ಒಬ್ಬ ಸಿಪಾಯಿ ಇಂದಿಗೂ ಕುದುರೆಯ ಬಾಲದ ಕಡೆ ಮುಖ ಮಾಡಿದ್ದಾನೆ. ಎರಡು, ಕರಗಿದ ಪ್ಲಾಸ್ಟಿಕ್ ಹೊರಗೆ ಉಬ್ಬಿ ಮೈ ಒಂದು ಮಿಲಿಮೀಟರಿಗೂ ಹೆಚ್ಚು ಕುಗ್ಗುತ್ತದೆ. 54 ಮಿ.ಮೀ. ಎತ್ತರದವನಿಗೆ ಅದು ನಿಜವಾದ ಮನುಷ್ಯನ ಲೆಕ್ಕದಲ್ಲಿ ಒಂದೂಕಾಲು ಇಂಚು. ಒಬ್ಬನೇ ಇದ್ದರೆ ಗೊತ್ತಾಗದು, ಆರು ಜನ ಸಾಲಾಗಿ ನಿಂತಾಗ ಕುಳ್ಳ ಎದ್ದು ಕಾಣುತ್ತಾನೆ.

ನಾಲ್ಕನೆಯದು ಜೆಮ್ ಕ್ಲಿಪ್. ನೇರ ಮಾಡಿ, ಒಂದು ಸೆಂಟಿಮೀಟರ್ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ದೀಪದ ಉರಿಯಲ್ಲಿ ಕಾಯಿಸಿ ಕಾಲಿನ ಭಾಗಕ್ಕೆ ಅರ್ಧ ಚುಚ್ಚುವುದು. ಸುತ್ತಲಿನ ಪ್ಲಾಸ್ಟಿಕ್ ಕರಗಿ ತಂತಿಯನ್ನು ಕಚ್ಚಿಕೊಳ್ಳುತ್ತದೆ. ಎದೆಯ ಭಾಗಕ್ಕೆ ಬಿಸಿ ಸೂಜಿಯಲ್ಲಿ ತೂತು ಮಾಡಿ, ಒಂದು ಹನಿ ಸೂಪರ್ ಗ್ಲೂ ಬಿಟ್ಟು ಕೂರಿಸುವುದು. ಮೂರೂ ಐದು ಬೀಳು ತಡೆದವು, ಆದರೆ ಒಬ್ಬ ಸೊಂಟದ ಮೇಲೆ ಬುಗುರಿಯ ಹಾಗೆ ತಿರುಗತೊಡಗಿದ. ಒಂದೇ ತಂತಿ ಹಾಕಿದ ತಪ್ಪು ಅದು. ಎರಡು ತಂತಿ ಪಕ್ಕಪಕ್ಕ ಹಾಕಿದರೆ ತಿರುಗಲು ಆಸ್ಪದವಿಲ್ಲ. ನಾನು ಆರಿಸಿಕೊಂಡದ್ದು ಇದನ್ನೇ. ಬೆಸುಗೆಯಷ್ಟು ಗಟ್ಟಿಯಲ್ಲ ನಿಜ, ಆದರೆ ಅಂಟು ಬೀಳುವ ಮೊದಲು ಹತ್ತು ಸಲ ಕೂರಿಸಿ ತೆಗೆದು ನೋಡಬಹುದು. ಒಬ್ಬನ ಮುಖ ಎಡಕ್ಕೆ, ಒಬ್ಬನ ಭುಜ ಸ್ವಲ್ಪ ವಾಲಿಕೊಂಡು, ಸಾಲಿಗೆ ಜೀವ ಬರುವುದು ಅಲ್ಲಿ.

ಈ ಪ್ಲಾಸ್ಟಿಕ್ಕಿನಲ್ಲಿ ಅಂಟಿಸಲು ಹೋದರೆ ಸೋಲು, ಹಿಡಿಸಲು ಹೋದರೆ ಗೆಲುವು. ಇಷ್ಟು ತಲೆಗೆ ಹೊಕ್ಕ ಮೇಲೆ ಮುಂದಿನ ಆಯ್ಕೆಗಳೆಲ್ಲ ಸಲೀಸಾದವು.

ರುಮಾಲನ್ನೇ ತೆಗೆದುಕೊಳ್ಳಿ. ಉಕ್ಕಿನ ಟೋಪಿಯನ್ನು ಚಕ್ಕೆ ಚಕ್ಕೆಯಾಗಿ ಹೆರೆದು ಬೋಳುತಲೆ ಮಾಡಿದೆ. ಮರಳು ಕಾಗದ ಮುಟ್ಟಿಸಬೇಡಿ, ಮೆತ್ತನೆ ಪ್ಲಾಸ್ಟಿಕ್ ನುಣ್ಣಗಾಗುವ ಬದಲು ಹತ್ತಿಯಂತೆ ನಾರೆದ್ದು ನಿಲ್ಲುತ್ತದೆ. ಹೊಸ ಬ್ಲೇಡು ಮಾತ್ರ. ಆಮೇಲೆ ಮೂರು ಥರ ರುಮಾಲು ಸುತ್ತಿದೆ. ಪ್ಲಂಬರ್‌ಗಳು ಪೈಪಿಗೆ ಮೆತ್ತುವ ಎಪಾಕ್ಸಿ ಪುಟ್ಟಿ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ, ಅಗ್ಗ, ಬೇಗ ಗಟ್ಟಿಯಾಗುತ್ತದೆ. ಆದರೆ ಕಣ ದಪ್ಪ, ಮಡಿಕೆ ಕೊರೆಯಲು ಹೋದರೆ ರಾಗಿಮುದ್ದೆಯ ಮೇಲೆ ಗೆರೆ ಎಳೆದಂತಿರುತ್ತದೆ. ಒಣಗಿದ ಮೇಲೆ ತಲೆಯನ್ನು ಸ್ವಲ್ಪ ಒತ್ತಿದರೂ ಇಡೀ ರುಮಾಲು ಟೋಪಿಯಂತೆ ಕಳಚಿ ಕೈಗೆ ಬರುತ್ತದೆ. ತಲೆಗೆ ಬಿಸಿ ಸೂಜಿಯಲ್ಲಿ ನಾಲ್ಕು ತೂತು ಮಾಡಿ ಮೆತ್ತಿದ್ದು ಮಾತ್ರ ನಿಂತಿತು. ಹವ್ಯಾಸಿಗಳು ಗ್ರೀನ್ ಸ್ಟಫ್ ಅನ್ನುವ, ಹಳದಿ ನೀಲಿ ಕಲೆಸಿದರೆ ಹಸಿರಾಗುವ ಪುಟ್ಟಿ ಬಹಳ ದುಬಾರಿ. ರಾತ್ರಿಯಿಡೀ ಬಿಟ್ಟರೂ ಸ್ವಲ್ಪ ರಬ್ಬರಿನಂತೆ ಬಾಗುವ ಗುಣ ಉಳಿದಿರುತ್ತದೆ, ಹಾಗಾಗಿ ಮೆತ್ತನೆ ಪ್ಲಾಸ್ಟಿಕ್ ಜೊತೆ ಹೊಂದಿಕೊಂಡು ಹೋಗುತ್ತದೆ. ಒದ್ದೆ ಸೂಜಿಯಲ್ಲಿ ಮಡಿಕೆ ಚೊಕ್ಕವಾಗಿ ಬರುತ್ತದೆ.

ಎರಡನ್ನೂ ಸೋಲಿಸಿದ್ದು ಅಮ್ಮನ ಹೊಲಿಗೆ ಡಬ್ಬಿಯ ಬಿಳಿ ದಾರ. ನಾಲ್ಕೆಳೆ ಸೇರಿಸಿ ಹುರಿ ಮಾಡಿ, ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ, ಹಿಂದಲೆಯಿಂದ ಶುರುಮಾಡಿ ಹಣೆಯ ಮೇಲೆ ಅಡ್ಡಡ್ಡ ದಾಟಿಸಿ ಸುತ್ತಿದೆ. ಕೊನೆಯ ತುದಿಯನ್ನು ಬೆನ್ನಿಗೆ ಇಳಿಬಿಟ್ಟೆ. ಸುತ್ತುಸುತ್ತಾದ್ದರಿಂದ ಅದು ಅಂಟನ್ನು ನೆಚ್ಚಿಕೊಂಡಿಲ್ಲ, ತಲೆಯನ್ನೇ ಹಿಡಿದುಕೊಂಡಿದೆ. ಮಡಿಕೆಯನ್ನು ಕೊರೆಯುವ ಕೆಲಸವೂ ಇಲ್ಲ, ದಾರದ ಸುತ್ತೇ ಮಡಿಕೆ. ಗ್ರೀನ್ ಸ್ಟಫ್ಫನ್ನು ಸೊಂಟದ ಸಂದು ಮುಚ್ಚಲಿಕ್ಕೂ, ಎದೆಯ ಮೇಲೆ ಅಡ್ಡ ಹಾಯುವ ತೋಟಾಪಟ್ಟಿಗೂ ಉಳಿಸಿಕೊಂಡೆ.

ಬಣ್ಣದ ವಿಷಯದಲ್ಲಿ ನನಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ. ಚಿಕ್ಕವನಿದ್ದಾಗ ಎನಾಮೆಲ್ ಬಳಿದವು ಬಂದೂಕಿನ ತುದಿ ಬಾಗಿದ ಕಡೆಯೆಲ್ಲ ಹಲ್ಲಿ ಪೊರೆ ಬಿಟ್ಟಂತೆ ಸುಲಿದಿದ್ದವು. ಈ ಸಲ ಒಂದೇ ಅಚ್ಚಿನ ಮೂರು ಕುದುರೆಗೆ ಮೂರು ದಾರಿ ಹಿಡಿದೆ. ಒಂದಕ್ಕೆ ತಳಹದಿ ಇಲ್ಲದೆ ನೇರ ಅಕ್ರಿಲಿಕ್, ಒಂದಕ್ಕೆ ಸಮ ನೀರು ಬೆರೆಸಿದ ಫೆವಿಕಾಲಿನ ಪದರದ ಮೇಲೆ ಅಕ್ರಿಲಿಕ್, ಒಂದಕ್ಕೆ ಕಾರಿನ ಬಂಪರಿಗೆ ಹೊಡೆಯುವ ಪ್ಲಾಸ್ಟಿಕ್ ಪ್ರೈಮರ್ ಸ್ಪ್ರೇ. ಬಾಲವನ್ನು ಇಪ್ಪತ್ತು ಸಲ ಬಗ್ಗಿಸಿ, ಹೊಟ್ಟೆಯನ್ನು ಉಗುರಲ್ಲಿ ಕೆರೆದೆ. ಮೊದಲನೆಯದು ಆರನೇ ಬಾಗಿಗೇ ಹೋಯಿತು. ಫೆವಿಕಾಲ್ ಕುದುರೆ ಬಾಗಿಗೆ ಜಗ್ಗಲಿಲ್ಲ, ಅದು ಕುದುರೆಯನ್ನು ಚರ್ಮದ ಹಾಗೆ ಸುತ್ತುವರಿದಿರುತ್ತದೆ. ಒಂದು ಕಡೆ ಉಗುರು ಹೊಕ್ಕರೆ ಮಾತ್ರ ಉದ್ದಕ್ಕೆ ಸುಲಿಯುತ್ತದೆ. ಇನ್ನೊಂದು ಐಬು, ಜುಲೈ ತಿಂಗಳ ಮಳೆಗೆ ಪೆಟ್ಟಿಗೆಯೊಳಗೇ ಜಿಗಟು ಬಂದು ಎರಡು ಕುದುರೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಲೆ ಅಕ್ರಿಲಿಕ್ ವಾರ್ನಿಷ್ ಕೊಟ್ಟ ಮೇಲೆ ಆ ಕಾಟ ತಪ್ಪಿತು. ಬಂಪರ್ ಪ್ರೈಮರ್ ಉಗುರಿಗೂ ಬಾಗಿಗೂ ಜಗ್ಗಲಿಲ್ಲ, ತೆಳುವಾಗಿ ಕೂತು ಲಗಾಮಿನ ಗೆರೆಯನ್ನೂ ಮುಚ್ಚಲಿಲ್ಲ. ಆದರೆ ತಾರಸಿಗೆ ಹೋಗಿ, ಗಾಳಿಯ ದಿಕ್ಕು ನೋಡಿ ಹೊಡೆಯಬೇಕು, ವಾಸನೆ ಸಂಜೆಯವರೆಗೂ ಕೈ ಬಿಡುವುದಿಲ್ಲ. ಮಕ್ಕಳ ಕೈಗೆ ಸಿಗುವಂಥದ್ದಾದರೆ ಸ್ಪ್ರೇ, ಗಾಜಿನ ಬೀರುವಿಗಾದರೆ ಫೆವಿಕಾಲ್ ಸಾಕು. ಆರು ಕುದುರೆಗೂ ಸ್ಪ್ರೇಯನ್ನೇ ಹೊಡೆದೆ, ನಮ್ಮ ಮನೆಗೆ ಬರುವ ಮಕ್ಕಳು ನನಗೆ ಗೊತ್ತು.

ಇಷ್ಟು ಒದ್ದಾಟ ಬೇಡ ಅನ್ನುವವರು ಗಟ್ಟಿ ಪಾಲಿಸ್ಟೈರೀನ್ ಕಿಟ್ ಕೊಳ್ಳಬಹುದು. ಸಿಮೆಂಟು ಹಚ್ಚಿದರೆ ಸೊಂಟ ಐದು ನಿಮಿಷದ ಕೆಲಸ, ಮರಳು ಕಾಗದವೂ ಕೆಲಸ ಮಾಡುತ್ತದೆ, ಬಣ್ಣವೂ ನಿಲ್ಲುತ್ತದೆ. ಕೆಲಸದ ಸುಖದಲ್ಲಿ ಅದೇ ಮೇಲು, ಸುಳ್ಳು ಹೇಳಿ ಏನು ಪ್ರಯೋಜನ? ಆದರೆ ಒಂದು ಕಿಟ್ಟಿನ ದುಡ್ಡಿಗೆ ಹಳೇ ಸಿಪಾಯಿಗಳ ಇಡೀ ಚೀಲ ಬರುತ್ತದೆ. ಕೆಡಿಸಿದರೂ ಹೊಟ್ಟೆ ಉರಿಯುವುದಿಲ್ಲ.

ಕೊನೆಗೆ ಈಟಿ. ಆ ಕಾಲದ ಸವಾರರ ಈಟಿ ಸುಮಾರು 9 ಅಡಿ, ನಮ್ಮ ಅಳತೆಗೆ ಎಂಟೂವರೆ ಸೆಂಟಿಮೀಟರ್. ಉಕ್ಕಿನ ತಂತಿ ನೆಟ್ಟಗಿತ್ತು, ಆದರೆ ಅದರ ಭಾರಕ್ಕೆ ಮೆತ್ತನೆ ಕೈ ದಿನಾ ಒಂದಿಷ್ಟು ಜೋತುಬಿತ್ತು, ಮೇಲಾಗಿ ಮಕ್ಕಳ ಕಣ್ಣಿಗೆ ಅಪಾಯ. ಕಡ್ಡಿ ಪೊರಕೆಯ ತೆಂಗಿನ ಕಡ್ಡಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ದೇವರ ಮನೆಯಲ್ಲಿ ಊದುಬತ್ತಿ ಸ್ಟ್ಯಾಂಡು ಕಣ್ಣಿಗೆ ಬಿತ್ತು. ಉರಿದು ಉಳಿದ ಬಿದಿರು ಕಡ್ಡಿಗಳು ಗಿಡ್ಡ, ಹಾಗಾಗಿ ಹೊಸದನ್ನೇ ತೆಗೆದು ಮಸಾಲೆ ನೀರಲ್ಲಿ ನೆನೆಸಿ ತೊಳೆದೆ. ಒಂದೂಕಾಲು ಮಿಲಿಮೀಟರ್ ದಪ್ಪ, ಅಳತೆ ಏರಿಸಿದರೆ ನಾಲ್ಕು ಸೆಂಟಿಮೀಟರ್, ಹಿಡಿಗೆ ಸರಿಯಾದ ಗಾತ್ರ. ನಮ್ಮ ಸವಾರ ಪಡೆಗಳ ಈಟಿಯ ಕೋಲೂ ಬಿದಿರಿನದೇ ಆಗಿರುತ್ತಿತ್ತು. ಮುಷ್ಟಿಗೆ ಬಿಸಿ ಸೂಜಿಯಲ್ಲಿ ತೂತು ಮಾಡಿ ತೂರಿಸಿದೆ, ಅಂಟೇ ಬೇಕಾಗಲಿಲ್ಲ.

ಪಾಡ್ಯದ ದಿನ ಆರೂ ಜನ ಆನೆಗಳ ಮುಂದೆ ಸಾಲಾದರು. "ಇವನ ಮೂಗು ಎಲ್ಲೋ?" ಎಂದು ಅಮ್ಮ ಒಬ್ಬನನ್ನು ಕನ್ನಡಕದ ಹತ್ತಿರ ಹಿಡಿದು ಕೇಳಿದರು. ಆರನೇ ದಿನ ಅಕ್ಕನ ಮಗ ಬಾಗಿನ ನೋಡಲು ಓಡಿಬಂದವನು ಮೆಟ್ಟಿಲಿನ ಬಟ್ಟೆ ಎಳೆದ. ಆನೆಗಳು ಉಳಿದವು, ಮೂವರು ಲ್ಯಾನ್ಸರ್‌ಗಳು ನೆಲಕ್ಕೆ ಬಿದ್ದರು. ಸೊಂಟ ಮೂರೂ ಗಟ್ಟಿ, ರುಮಾಲು ಬಿಚ್ಚಲಿಲ್ಲ, ಬಣ್ಣ ಹೋಗಲಿಲ್ಲ. ಒಬ್ಬನ ಈಟಿ ಮಾತ್ರ ನಡುವಿಗೆ ಮುರಿಯಿತು. ಹುಡುಗ ಅಳುವುದನ್ನು ನಿಲ್ಲಿಸುವಷ್ಟರಲ್ಲಿ ದೇವರ ಮನೆಯಿಂದ ಇನ್ನೊಂದು ಕಡ್ಡಿ ತಂದು ತೂರಿಸಿದೆ. ತೊಳೆಯಲು ಹೊತ್ತಿರಲಿಲ್ಲ, ಮಸಾಲೆ ಹಾಗೇ ಇತ್ತು. ವಿಜಯದಶಮಿಯವರೆಗೂ ಆ ಒಬ್ಬ ಸವಾರನ ಕೈಯಲ್ಲಿ ಗಂಧದ ವಾಸನೆ.