ಕರೇರಿ ಕೆರೆ ದಂಡೆಯ ಟೆಂಟ್: ಜಾಗಕ್ಕೆ ಪೂರ್ತಿ ಅಂಕ, ಬಾಡಿಗೆ ಸಾಮಾನಿಗೆ ಅರ್ಧ

ಹಿಮಾಚಲದ ಧೌಲಾಧಾರ್ ಬೆಟ್ಟಗಳಲ್ಲಿ, ಸುಮಾರು 2,900 ಮೀಟರ್ ಎತ್ತರದಲ್ಲಿ ಕರೇರಿ ಕೆರೆ ಇದೆ. ಜಾಗದ ಬಗ್ಗೆ ತಕರಾರೇ ಇಲ್ಲ. ಟೆಂಟ್ ಮಾತ್ರ ಧರ್ಮಶಾಲಾದ ಒಂದು ಅಂಗಡಿಯಿಂದ ಬಾಡಿಗೆಗೆ ತಂದದ್ದು. ಬಟ್ಟೆ ಗಟ್ಟಿ, ಗೂಟಗಳು ಸುಮ್ನೆ ಹೆಸರಿಗೆ! ಹುಲ್ಲಿನಡಿಯ ಕಲ್ಲಿಗೆ ತಾಗಿದ್ದೇ ಕೊಕ್ಕೆಯ ಹಾಗೆ ಬಾಗಿದವು. ಕೊನೆಗೆ ಹಗ್ಗವನ್ನು ದೊಡ್ಡ ಕಲ್ಲುಗಳಿಗೆ ಬಿಗಿದು ನಿಲ್ಲಿಸಿದೆವು.

ಚಳಿ ಅಂತ ಗಾಳಿಕಿಂಡಿ ಮುಚ್ಚಬೇಡಿ. ಉಸಿರಿನ ತೇವವೇ ಒಳಗೆ ಹನಿಗಟ್ಟಿ ಸ್ಲೀಪಿಂಗ್ ಬ್ಯಾಗ್ ಮೇಲೆ ತೊಟ್ಟಿಕ್ಕುತ್ತದೆ. ಮ್ಯಾಟ್ ಮಾತ್ರ ದಪ್ಪಗಿತ್ತು, ಅದಕ್ಕೆ ಕೊಟ್ಟ ದುಡ್ಡು ಮೋಸವಿಲ್ಲ. ನೀರು ಹಿಮ ಕರಗಿ ಬಂದದ್ದೇ, ಆದರೂ ಕುದಿಸಿ ಕುಡಿಯಿರಿ. ಆಸುಪಾಸಿನಲ್ಲಿ ಗದ್ದಿ ಸಮುದಾಯದ ಕುರಿಗಾಹಿಗಳ ಮಂದೆ ಮೇಯುತ್ತದೆ, ಅಲ್ವಾ? ಚಳಿಗಾಲದಲ್ಲಂತೂ ಕೆರೆಯೇ ಹೆಪ್ಪುಗಟ್ಟುತ್ತದೆ. ಆಗ ಈ ಟೆಂಟ್ ನಂಬಿ ಹೊರಡಬೇಡಿ.