ಆರ್‌ಒ ಯಂತ್ರದೊಂದಿಗೆ ನಾಲ್ಕು ವರ್ಷ: ನೀರಿನ ಬಗ್ಗೆ ತಕರಾರಿಲ್ಲ, ಲಾಕ್ ಬಗ್ಗೆ ಇದೆ

ತುಮಕೂರಿನ ಹೊರವಲಯದಲ್ಲಿರುವ ನಮ್ಮ ಮನೆಯ ಸಂಪಿಗೆ ಎರಡು ಬಗೆಯ ನೀರು ಬಂದು ಸೇರುತ್ತದೆ. ನಲ್ಲಿಯಲ್ಲಿ ಹೇಮಾವತಿ ಬಂದರೆ ಅದು, ಬಾರದಿದ್ದರೆ ಬಡಾವಣೆಯ ಕೊಳವೆಬಾವಿಯ ನೀರು. ಹೇಮಾವತಿ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ, ಲೀಟರಿಗೆ 200 ಮಿಲಿಗ್ರಾಂ ಆಸುಪಾಸಿನಲ್ಲಿದ್ದರೆ, ಬೋರ್ ನೀರಿನದು ಬೇಸಿಗೆಯಲ್ಲಿ 1,000 ದಾಟುತ್ತದೆ. ಆ ನೀರಿನಲ್ಲಿ ಎಷ್ಟು ಸೀಟಿ ಕೂಗಿಸಿದರೂ ತೊಗರಿಬೇಳೆ ನುಣ್ಣಗೆ ಬೇಯುವುದಿಲ್ಲ; ಕುಕ್ಕರಿನ ತಳದಲ್ಲಿ ಬಿಳಿ ಪದರ ಕಟ್ಟಿಕೊಳ್ಳುತ್ತದೆ. ಹೀಗಾಗಿ ನಾಲ್ಕು ವರ್ಷಗಳ ಹಿಂದೆ ಆರ್‌ಒ (ಒತ್ತಡದಲ್ಲಿ ನೀರನ್ನು ಮೆಂಬ್ರೇನ್ ಎಂಬ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಲವಣ ತಡೆಯುವುದು), ಯುವಿ (ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವುದು) ಎರಡೂ ಇರುವ ಯಂತ್ರವೊಂದನ್ನು ಕೊಂಡೆವು. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಬೇರೆ ಬೇರೆ ಕಂಪನಿಯ ಯಂತ್ರಗಳಿದ್ದರೂ ದೂರುಗಳು ಹೆಚ್ಚುಕಡಿಮೆ ಒಂದೇ ಆಗಿವೆ.

ನೀರನ್ನು ಶುದ್ಧ ಮಾಡುವ ಕೆಲಸದಲ್ಲಿ ಯಂತ್ರ ಈವರೆಗೆ ನಿರಾಸೆಗೊಳಿಸಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಸಿಗದ ಕಡೆ 2,000ದವರೆಗೂ ಅವಕಾಶವಿದೆ. ನಮ್ಮ ಯಂತ್ರದಿಂದ ಹೊರಬರುವ ನೀರು, ಒಳಗೆ ಹೋಗುವುದು ಬೋರ್ ನೀರೇ ಆಗಿದ್ದರೂ, ನೂರರ ಒಳಗೇ ಇರುತ್ತದೆ. ಪಾವಗಡ, ಮಧುಗಿರಿ, ಶಿರಾ ಕಡೆಯವರಿಗೆ ಲವಣಕ್ಕಿಂತ ದೊಡ್ಡ ಚಿಂತೆ ಫ್ಲೋರೈಡ್. ಅದರ ಅಪೇಕ್ಷಿತ ಮಿತಿ ಲೀಟರಿಗೆ 1 ಮಿಲಿಗ್ರಾಂ, ಗರಿಷ್ಠ 1.5. ಕುದಿಸಿದರೆ ಹೋಗದ, ಯುವಿ ದೀಪಕ್ಕೂ ಬಗ್ಗದ ಈ ಫ್ಲೋರೈಡನ್ನು ಆರ್‌ಒ ಮೆಂಬ್ರೇನ್ ಬಹುಪಾಲು ತಡೆಯುತ್ತದೆ. ಆದ್ದರಿಂದ ‘ಆರ್‌ಒ ಬರೀ ಬೂಟಾಟಿಕೆ’ ಎನ್ನುವವರ ಮಾತನ್ನು ನಮ್ಮ ಜಿಲ್ಲೆಯ ಮಟ್ಟಿಗಂತೂ ಒಪ್ಪಲಾರೆ.

ನನ್ನ ತಕರಾರಿರುವುದು ಯಂತ್ರದ ಮುಂಭಾಗದಲ್ಲಿರುವ ಪುಟ್ಟ ದೀಪ ಮತ್ತು ಅದರ ಹಿಂದಿರುವ ಸರ್ಕಿಟ್ ಬೋರ್ಡಿನ ಬಗ್ಗೆ. ಫಿಲ್ಟರುಗಳ ಆಯುಷ್ಯವನ್ನು ತೋರಿಸುವುದಾಗಿ ಹೇಳಿಕೊಳ್ಳುವ ಈ ದೀಪ ನಿಜವಾಗಿ ಎಣಿಸುವುದು ದಿನಗಳನ್ನು ಮಾತ್ರ. ಎಷ್ಟು ಲೀಟರ್ ನೀರು ಹಾದುಹೋಯಿತು, ಅದು ಹೇಮಾವತಿಯದೋ ಬೋರಿನದೋ, ಪಂಪ್ ಎಷ್ಟು ಗಂಟೆ ಓಡಿತು ಎಂಬುದು ಅದಕ್ಕೆ ಬೇಕಾಗಿಲ್ಲ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ವಾರಗಟ್ಟಲೆ ಮನೆಗೆ ಬೀಗ ಹಾಕಿದ್ದಾಗಲೂ ಎಣಿಕೆ ಮುಂದುವರಿದಿತ್ತು. ವರ್ಷ ತುಂಬುವ ಹೊತ್ತಿಗೆ ದೀಪ ಹಳದಿಗೆ ತಿರುಗಿ, ಆಮೇಲೆ ಕೆಂಪಾಗಿ, ದಿನವಿಡೀ ಬೀಪ್ ಹೊಡೆದು, ಕೊನೆಗೊಂದು ಬೆಳಿಗ್ಗೆ ಪಂಪನ್ನೇ ನಿಲ್ಲಿಸಿಬಿಟ್ಟಿತು. ಟ್ಯಾಂಕಿನಲ್ಲಿದ್ದ ನೀರು ಮುಗಿದ ಮೇಲೆ, ಸಾವಿರಾರು ರೂಪಾಯಿಯ ಯಂತ್ರ ಗೋಡೆಯ ಮೇಲಿರುವಾಗಲೇ, ಕ್ಯಾನ್ ಹಿಡಿದು ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ನಾಣ್ಯ ಹಾಕಲು ನಿಂತೆವು.

ದೂರು ಕೊಟ್ಟ ಮೂರನೆಯ ದಿನ ಬಂದ ಮೆಕ್ಯಾನಿಕ್ ಒಳ್ಳೆಯ ಹುಡುಗ. ಅವನ ಕಣ್ಣೆದುರೇ ಮೀಟರ್ ಅದ್ದಿ ತೋರಿಸಿದೆ. ಲೋಟದಲ್ಲಿ ಉಳಿದಿದ್ದ ನೀರಿನ ಟಿಡಿಎಸ್ ಐವತ್ತೂ ಇರಲಿಲ್ಲ. ‘ಮೆಂಬ್ರೇನ್ ಚೆನ್ನಾಗೇ ಇದೆ ಸಾರ್, ನಾನು ಇಲ್ಲ ಅನ್ನಲ್ಲ. ಆದ್ರೆ ಫುಲ್ ಸೆಟ್ ಹಾಕಿ ಬಾರ್‌ಕೋಡ್ ಸ್ಕ್ಯಾನ್ ಮಾಡಿದ್ರೇನೇ ಲಾಕ್ ಬಿಡೋದು, ನಮ್ಮ ಕೈಲಿ ಏನೂ ಇಲ್ಲ’ ಎಂದ. ಸೆಟ್ಟಿನ ಬೆಲೆ ಯಂತ್ರದ ಬೆಲೆಯ ಮೂರನೇ ಒಂದು ಭಾಗದಷ್ಟಿತ್ತು. ಕಾರ್ಬನ್ ಫಿಲ್ಟರಿಗೆ ಕಾಲಮಿತಿ ಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಅದು ಕ್ಲೋರಿನ್ ಹೀರಿಕೊಂಡು ತಣಿದ ಮೇಲೆ ಪ್ರಯೋಜನವಿಲ್ಲ, ಬಹಳ ದಿನ ಬಿಟ್ಟರೆ ಅದರಲ್ಲಿಯೇ ಬ್ಯಾಕ್ಟೀರಿಯಾ ಬೆಳೆಯಬಹುದು. ಆದರೆ ಮೆಂಬ್ರೇನಿನ ಮಾತು ಬೇರೆ. ಒಳಗೆ ಹೋಗುವ ಮತ್ತು ಹೊರಗೆ ಬರುವ ನೀರಿನ ಟಿಡಿಎಸ್ ನೋಡಿದರೆ ಅದರ ಸ್ಥಿತಿ ತಿಳಿಯುತ್ತದೆ. ಆ ಅಳತೆಯನ್ನು ತಾನೇ ಮಾಡಿಕೊಳ್ಳಬಲ್ಲ ಸೆನ್ಸರ್ ದುಬಾರಿಯ ವಸ್ತುವೂ ಅಲ್ಲ. ಹೀಗಿರುವಾಗ ಕ್ಯಾಲೆಂಡರ್ ನೋಡಿ ನೀರು ನಿಲ್ಲಿಸುವುದಕ್ಕೆ ‘ಸ್ಮಾರ್ಟ್’ ಎಂಬ ಹಣೆಪಟ್ಟಿ ಯಾಕೋ ಅರ್ಥವಾಗುವುದಿಲ್ಲ.

ಮೀಟರ್ ಎಂದಾಗ ಒಂದು ಮಾತು. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಪೆನ್ನಿನಾಕಾರದ ಟಿಡಿಎಸ್ ಮೀಟರನ್ನು ಪ್ರತಿಯೊಬ್ಬ ಆರ್‌ಒ ಬಳಕೆದಾರರೂ ಇಟ್ಟುಕೊಳ್ಳಬೇಕು, ಅದರ ಮಿತಿಯನ್ನೂ ತಿಳಿದಿರಬೇಕು. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಕರಗಿದ್ದು ಕ್ಯಾಲ್ಸಿಯಮ್ಮೋ ನೈಟ್ರೇಟೋ ಎಂದು ಅದು ಹೇಳದು, ರೋಗಾಣುಗಳಂತೂ ಅದಕ್ಕೆ ಕಾಣಿಸುವುದೇ ಇಲ್ಲ. ಬೆಳಿಗ್ಗೆ ಪಂಪ್ ಶುರುವಾದ ಕೂಡಲೇ ಬರುವ ನೀರನ್ನು ಅಳೆದು ಗಾಬರಿಯಾಗಬೇಕಾದದ್ದೂ ಇಲ್ಲ. ರಾತ್ರಿಯಿಡೀ ಒತ್ತಡವಿಲ್ಲದೆ ನಿಂತಾಗ ಲವಣಗಳು ಮೆಂಬ್ರೇನಿನ ಈಚೆಗೆ ಮೆಲ್ಲಗೆ ನುಸುಳುವುದರಿಂದ ಅಂಕಿ ತುಸು ಹೆಚ್ಚೇ ತೋರಿಸುತ್ತದೆ, ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ.

ಮಾರಾಟಕ್ಕೆ ಬರುವವರು ಇದೇ ವಾಹಕತೆಯನ್ನು ಹಿಡಿದು ಆಡುವ ಆಟವೊಂದಿದೆ. ಎರಡು ಲೋಹದ ಕಡ್ಡಿಗಳಿರುವ ಸಾಧನವನ್ನು ನಲ್ಲಿ ನೀರಿನ ಲೋಟಕ್ಕೂ ಆರ್‌ಒ ನೀರಿನ ಲೋಟಕ್ಕೂ ಇಳಿಸಿ ಸ್ವಿಚ್ ಹಾಕುತ್ತಾರೆ. ನಲ್ಲಿ ನೀರು ಕ್ಷಣದಲ್ಲಿ ಕಂದು ಬಣ್ಣದ ಗಸಿಯಾಗುತ್ತದೆ, ಆರ್‌ಒ ನೀರು ತಿಳಿಯಾಗಿಯೇ ಉಳಿಯುತ್ತದೆ. ಹಾಗೆ ಕಾಣಿಸಿಕೊಳ್ಳುವುದು ನೀರಿನ ಕೊಳೆಯಲ್ಲ, ಕಡ್ಡಿಯಿಂದಲೇ ಕರಗಿ ಬಂದ ಕಬ್ಬಿಣ. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಆರ್‌ಒ ನೀರಿನಲ್ಲಿ ಹೆಚ್ಚು ಹರಿಯುವುದಿಲ್ಲ, ಅಷ್ಟೇ. ಆರ್‌ಒ ಲೋಟಕ್ಕೆ ಚಿಟಿಕೆ ಉಪ್ಪು ಹಾಕಿ ಮತ್ತೊಮ್ಮೆ ತೋರಿಸಿ ಎಂದರೆ ಸಾಕು, ಮಾತು ಬೇರೆ ಕಡೆಗೆ ತಿರುಗುತ್ತದೆ.

ವ್ಯರ್ಥವಾಗುವ ನೀರಿನ ವಿಷಯದಲ್ಲಿ ಕಂಪನಿ ಹೇಳಿದ್ದಕ್ಕೂ ಬಕೆಟ್ ಇಟ್ಟು ನೋಡಿದ್ದಕ್ಕೂ ತಾಳೆಯಿಲ್ಲ. ಒಂದು ಲೀಟರ್ ಕುಡಿಯುವ ನೀರಿಗೆ ಎರಡರಿಂದ ಮೂರು ಲೀಟರ್ ಪೈಪಿನಲ್ಲಿ ಹೊರಗೆ ಹೋಗುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಿನಲ್ಲಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸುವಂತೆಯೂ, ಬಳಸುವ ಕಡೆ ಶೇ. 60ಕ್ಕಿಂತ ಹೆಚ್ಚು ನೀರು ಉಪಯೋಗಕ್ಕೆ ಸಿಗುವಂತೆ ನಿಯಮ ಮಾಡಬೇಕೆಂದೂ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ನಮ್ಮ ಯಂತ್ರ ಅದರ ಹತ್ತಿರಕ್ಕೂ ಬರುವುದಿಲ್ಲ. ಆ ನೀರಿನಿಂದ ನೆಲ ಒರೆಸುತ್ತೇವೆ, ಶೌಚಾಲಯಕ್ಕೆ ಸುರಿಯುತ್ತೇವೆ. ಉಪ್ಪಿನಂಶ ಹೆಚ್ಚಿರುವುದರಿಂದ ಕುಂಡದ ಗಿಡಗಳಿಗೆ ಹಾಕುವುದಿಲ್ಲ.

ಇನ್ನು ವಾರ್ಷಿಕ ನಿರ್ವಹಣೆಯ ಒಪ್ಪಂದ. ಬಿಡಿಭಾಗಗಳೂ ಸೇರಿದ್ದು ಮತ್ತು ಸೇರದಿದ್ದು ಎಂದು ಎರಡು ಬಗೆಯಿದ್ದು, ಫೋನಿನಲ್ಲಿ ಮಾತಾಡುವವರು ಈ ವ್ಯತ್ಯಾಸವನ್ನು ಕೇಳದೆ ಹೇಳುವುದಿಲ್ಲ. ‘ಎಲ್ಲಾ ಕವರ್ ಆಗುತ್ತೆ ಸಾರ್’ ಎಂಬುದರಲ್ಲಿ ಮೆಂಬ್ರೇನ್ ಸೇರಿಲ್ಲ ಎಂಬುದು ಬಿಲ್ ಬಂದಾಗ ತಿಳಿಯುತ್ತದೆ. ಬಜಾರಿನ ಬಿಡಿಭಾಗದ ಅಂಗಡಿಯಲ್ಲಿ ಸಾಮಾನ್ಯ ಅಳತೆಯ ಮೆಂಬ್ರೇನ್ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ನಮ್ಮ ಯಂತ್ರದ ಕಾರ್ಟ್ರಿಜ್‌ಗಳ ಬಾಯಿ ಬೇರೆ ಆಕಾರದ್ದಾದ್ದರಿಂದ ಅದು ಕೂರುವುದಿಲ್ಲ. ಎದುರು ಮನೆಯವರ ಹಳೆಯ, ಲೋಕಲ್ ಅಸೆಂಬಲ್ ಯಂತ್ರಕ್ಕೆ ಈ ತಾಪತ್ರಯವಿಲ್ಲ. ಅವರು ಮಣ್ಣು, ಕಸ ತಡೆಯುವ ಸ್ಪನ್ ಫಿಲ್ಟರನ್ನು ತಾವೇ ಸ್ಪ್ಯಾನರ್ ಹಿಡಿದು ಬದಲಾಯಿಸುತ್ತಾರೆ.

ನೀರಿನ ಗುಣಮಟ್ಟಕ್ಕೆ ಐದಕ್ಕೆ ನಾಲ್ಕೂವರೆ, ಸೇವೆಗೆ ಎರಡು, ಲಾಕ್ ವ್ಯವಸ್ಥೆಗೆ ಸೊನ್ನೆ ಕೊಡುತ್ತೇನೆ. ಬೆಂಗಳೂರಿನಲ್ಲಿ ಕಾವೇರಿ ನೀರು ಸರಿಯಾಗಿ ಬರುವ ಮನೆಗಳವರು ಮೊದಲು ಟಿಡಿಎಸ್ ನೋಡಿಸಿಕೊಂಡು, 500ರ ಒಳಗಿದ್ದರೆ ಯುವಿ ಯಂತ್ರದಲ್ಲೇ ನಿಲ್ಲಬಹುದು. ಬೋರ್ ನೀರನ್ನೇ ನಂಬಿರುವವರು ಆರ್‌ಒ ಕೊಳ್ಳುವ ಮುನ್ನ ಅಂಗಡಿಯವರನ್ನು, ಅವಧಿ ಮುಗಿದಾಗ ದೀಪ ಮಾತ್ರ ಉರಿಯುತ್ತದೆಯೋ ನೀರೂ ನಿಲ್ಲುತ್ತದೆಯೋ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಲಿ. ನಮ್ಮ ಒಪ್ಪಂದ ಯುಗಾದಿ ಹೊತ್ತಿಗೆ ಮುಗಿಯುತ್ತದೆ. ನವೀಕರಿಸುವ ಯೋಚನೆಯಿಲ್ಲ; ಎದುರು ಮನೆಯವರ ಯಂತ್ರ ಕೂರಿಸಿಕೊಟ್ಟ ಮೆಕ್ಯಾನಿಕ್ಕನ್ನು ಈಗಾಗಲೇ ವಿಚಾರಿಸಿಟ್ಟಿದ್ದೇನೆ.